ಜಂಬಕ್ಕನ ಮಲ್ಲಿಗೆ ಕುಂಡ

ಹಡಗಲಿಯ ಜಂಬಕ್ಕ ಮಲ್ಲಿಗೆ ಮೊಗ್ಗು ಬಿಡಿಸುವ ಕೂಲಿಗೆ ಹೋಗತೊಡಗಿ ನಲವತ್ತು ವರ್ಷವಾಯಿತು. ಆದರೂ ಗಿಡದ ಮೇಲೆ ಅರಳಿದ ಮಲ್ಲಿಗೆಯನ್ನು ಅವಳು ಕಣ್ತುಂಬ ಕಂಡವಳಲ್ಲ. ಅರಳಿದ ಹೂವನ್ನು ಯಾರು ಕೊಳ್ಳುತ್ತಾರೆ? ಮೊಗ್ಗಿದ್ದಾಗಲೇ ಬಿಡಿಸಿ ಪೇಟೆಯ ಬಸ್ಸಿಗೆ ಏರಿಸಬೇಕು. ಒಂದು ಗಿಡವಾದರೂ ಮೈತುಂಬ ಅರಳಿ ನಿಂತದ್ದನ್ನು ನೋಡಬೇಕೆಂಬ ಆಸೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಊರಿನ ತೋಟಗಾರರ ಸಂಘ ಫಲಪುಷ್ಪ ಪ್ರದರ್ಶನ ಇಡುತ್ತದೆಂದು ತಿಳಿದಾಗ ಅವಳು ಕುಂಡದಲ್ಲಿ ಒಂದು ಮಲ್ಲಿಗೆ ಗಿಡ ಸಾಕಿದಳು. "ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಮನೆಮಂದಿಗೆಲ್ಲ ತಾಕೀತು ಮಾಡಿದಳು. ದೇವರಿಗೂ ಒಂದು ಮೊಗ್ಗು ಕೊಡಲಿಲ್ಲ.

ಪ್ರದರ್ಶನದ ದಿನ ಬೆಳಗ್ಗೆ, ಸಂಜೆಗೆ ಅರಳಲಿದ್ದ ಮೊಗ್ಗು ತುಂಬಿದ ಕುಂಡಕ್ಕೆ ನೀರು ಹಾಕಿ, ಪಕ್ಕದ ಮನೆಯ ಗೀತಮ್ಮನೊಡನೆ ಮಾತಿಗೆ ನಿಂತಳು. ಮಾತಿನ ನಡುವೆ ಗೀತಮ್ಮ ಬೆಚ್ಚಿ, "ಯಕ್ಕಾ, ಇದೇನ್ ಮಾಡಿದಿ?" ಎಂದಳು. ಗಿಡದಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ. ಎಲ್ಲವೂ ಜಂಬಕ್ಕನ ಉಡಿಯಲ್ಲಿದ್ದವು. ಬೈಯುವುದಾದರೂ ಯಾರನ್ನು? ಇಷ್ಟು ವರ್ಷ ಅನ್ನ ಹಾಕಿದ ಬೆರಳುಗಳೇ ಅವು.

ಆದರೂ ಕುಂಡ ಹೊತ್ತು ಹೋದಳು. ಸಂಜೆ, ಹೂ ತುಂಬಿದ ಕುಂಡಗಳ ಸಾಲಿನಲ್ಲಿ ಅವಳ ಗಿಡ ಬರೀ ಎಲೆಯಾಗಿ ನಿಂತಿತ್ತು. ಉಡಿಯೊಳಗೆ ಮೊಗ್ಗುಗಳು ಒಂದೊಂದಾಗಿ ಬಿರಿಯುತ್ತಿದ್ದವು. ಜಂಬಕ್ಕ ಅತ್ತ ನೋಡಲಿಲ್ಲ. ಗಿಡವನ್ನೇ ನೋಡುತ್ತ ನಿಂತಳು.