ಅಪ್ಪನ ಬೆಳ್ಳಿ ನಾಣ್ಯಗಳು

ಅಪ್ಪ ಮುಧೋಳದಲ್ಲಿ ಬಸ್ ಕಂಡಕ್ಟರ್ ಆಗಿದ್ದ. ನಿವೃತ್ತಿಯಾಗಿ ಜಮಖಂಡಿಯ ನನ್ನ ಮನೆಗೆ ಬಂದ ಮೇಲೆ ಅವನಿಗೆ ಬೆಳ್ಳಿಯ ಹುಚ್ಚು ಹಿಡಿಯಿತು. ಬ್ಯಾಂಕಿನ ಬಡ್ಡಿಯಲ್ಲಿ ಏನೂ ಹುರುಳಿಲ್ಲ, ಇನ್ನು ಮುಂದೆ ಏರುವುದೇನಿದ್ದರೂ ಬೆಳ್ಳಿ ಎಂದು ಯಾರೋ ಫೋನಿಗೆ ಕಳಿಸಿದ ವಿಡಿಯೋ ನೋಡಿ ನಂಬಿಬಿಟ್ಟಿದ್ದ. ಮಹಾಲಿಂಗಪುರದ ಸಂತೆಯಲ್ಲಿ ಪರಿಚಯವಾದ ವ್ಯಾಪಾರಿಯೊಬ್ಬ ಪೇಟೆ ದರಕ್ಕಿಂತ ಸ್ವಲ್ಪ ಕಡಿಮೆಗೆ ನಾಣ್ಯ ತಂದುಕೊಡುತ್ತಿದ್ದ. ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಕಮಲ, ಮೇಲೊಂದು ಪ್ಲಾಸ್ಟಿಕ್ ಡಬ್ಬಿ. ಪಿಂಚಣಿ ಬಂದಾಗಲೆಲ್ಲ ನನ್ನ ಕಪಾಟಿನಲ್ಲಿ ಹೊಸ ಡಬ್ಬಿ ಸೇರುತ್ತಿತ್ತು.

ಬೆಳ್ಳಿಯ ದರ ಖರೆಯಾಗಿಯೂ ಏರಿತು. ಅಪ್ಪನನ್ನು ಹಿಡಿಯುವವರೇ ಇಲ್ಲದಂತಾಯಿತು. ಅಂಗಿಯ ಕಿಸೆಯಲ್ಲಿ ಒಂದು ನಾಣ್ಯ ಇಟ್ಟುಕೊಂಡೇ ತಿರುಗುತ್ತಿದ್ದ. ನಾನು ಪಾಠ ಮಾಡಲು ಸಾಲಿಗೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ, "ಇವತ್ತಿನ ದರ ಕೇಳಿದಿ?" ಎನ್ನುತ್ತಿದ್ದ. ನನ್ನ ಜೊತೆಯ ಶಿಕ್ಷಕಿಯರು ಮನೆಗೆ ಬಂದರೂ ಅದೇ ಮಾತು. ನಗಬೇಕೋ ಬಯ್ಯಬೇಕೋ ತಿಳಿಯದೆ ನಾನು ಚಹಾ ಮಾಡಲು ಎದ್ದು ಹೋಗುತ್ತಿದ್ದೆ.

ತಂಗಿಯನ್ನು ಬೀಳಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಕುರಿ, ಹೊಲ ಎರಡೂ ಇರುವ ಮನೆ. ಅಜ್ಜನ ಕಾಲದವರೆಗೆ ನಾವೂ ಕುರಿ ಕಾಯ್ದವರೇ, ಪಗಾರದ ನೌಕರಿಗೆ ಬಂದದ್ದು ಅಪ್ಪನಿಂದ. ತಂಗಿಯ ಮಗನ ಜವಳಕ್ಕೆ ನಾವಿಬ್ಬರೂ ಹೋದೆವು. ಬೀರಪ್ಪನ ಗುಡಿಯ ಮುಂದೆ ಕೂಸಿನ ಕೂದಲು ತೆಗೆಸಿ, ಭಂಡಾರ ಹಚ್ಚಿಕೊಂಡು ಎಲ್ಲರೂ ಮನೆಗೆ ಬಂದು ಪಡಸಾಲೆಯಲ್ಲಿ ಕೂತಿದ್ದರು. ತಂಗಿಯ ಮಾವ ಒಳಗಿನಿಂದ ಅರಿವೆಯ ಗಂಟು ತಂದು ಬಿಚ್ಚಿ, ಒಂದು ನಾಣ್ಯವನ್ನು ಮೊಮ್ಮಗನ ಅಂಗೈಯಲ್ಲಿಟ್ಟರು. ಕುರಿ ಮಾರಿದಾಗಲೆಲ್ಲ ಬೀಳಗಿಯಲ್ಲಿ ಚಿನ್ನ ಬೆಳ್ಳಿ ಕೆಲಸದ ಪತ್ತಾರರ ಹತ್ತಿರ ಒಂದೊಂದು ಕೊಂಡು ಕೂಡಿಸಿದ್ದಂತೆ. ಹೊಗೆ ಹಿಡಿದಂತೆ ಕಪ್ಪಾಗಿತ್ತು.

ಅಪ್ಪ ಕೂಸಿನ ಕೈಯಿಂದ ಅದನ್ನು ತೆಗೆದುಕೊಂಡ. ತನ್ನ ಕಿಸೆಯ ನಾಣ್ಯವನ್ನೂ ಹೊರತೆಗೆದ. ಮೊದಲು ತನ್ನದನ್ನು ನೆಲದ ಫರಸಿಗೆ ಒಗೆದ. ಟಣ್ ಎಂದಿತು. ಆಮೇಲೆ ಒಗೆದ ಬೀಗರದು ಸಣ್ಣ ದನಿಯಲ್ಲಿ, ಎಳೆದಂತೆ ಗುಂಯ್‌ಗುಟ್ಟಿತು.

"ಬೀಗರ, ಸಿಟ್ಟಾಗಬ್ಯಾಡ್ರಿ," ಎಂದ ಅಪ್ಪ. "ಇದು ಖರೆ ಬೆಳ್ಳಿ ಅಲ್ಲ. ನಿಮಗ ಯಾರೋ ಟೋಪಿ ಹಾಕ್ಯಾರ. ಜಲ್ಮೆಲ್ಲಾ ಚಿಲ್ಲರ ಎಣಿಸಿದ ಕೈ ರೀ ನಂದು."

ಮಾವ ಅರಿವೆಯ ಗಂಟನ್ನು ಮತ್ತೆ ಕಟ್ಟತೊಡಗಿದರು. ಮಾವನ ತಂಗಿಯೊಬ್ಬರು, "ಕೂಸಿನ ಕೈಯಾಗ ಇಟ್ಟದ್ದನ್ನ ಹಂಗ ಕಸಗೋಬಾರದ್ರಿ," ಎಂದರು. ನನ್ನ ತಂಗಿ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಅಕ್ಕಾ, ಅಪ್ಪಗ ಸುಮ್ಮ ಕೂಡಂತ ಹೇಳ," ಎಂದಳು. ನಾನು ಹೇಳುವಷ್ಟರಲ್ಲಿ ಅಪ್ಪ ಮತ್ತೊಂದು ಹೆಜ್ಜೆ ಮುಂದೆ ಹೋಗಿದ್ದ. ಜಮಖಂಡಿಯ ಪತ್ತಾರರಿಗೆ ತೋರಿಸಿಕೊಂಡು ಬರುತ್ತೇನೆ, ಕೊಡಿ ಎಂದ. ಮಾವ ಸೊಸೆಯ ಮುಖ ನೋಡಿ, "ಒಯ್ರಿ," ಎಂದರು. ಊಟಕ್ಕೆ ಕೂತಾಗ ಯಾರೂ ನಮಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡಲಿಲ್ಲ.

ಮರುದಿನ ಪತ್ತಾರರ ಅಂಗಡಿಗೆ ನಾನೂ ಹೋದೆ. ಅವರು ಬೀಗರ ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟು ನೋಡಿದರು. "ಛಲೋ ಬೆಳ್ಳಿ ಐತ್ರಿ. ಬೆಳ್ಳಿ ಅಂದ ಮ್ಯಾಲೆ ಕಪ್ಪ ಆಗೂದ." ಅಪ್ಪ ನಗುತ್ತಲೇ ತನ್ನದನ್ನು ಮುಂದಿಟ್ಟ. "ಹಂಗಾರ ಇದನ್ನೂ ನೋಡ್ರಿ." ಅವರು ಅದನ್ನು ಕೈಯಲ್ಲಿ ತೂಗಿ, ಅಂಚನ್ನು ಅರದಿಂದ ಉಜ್ಜಿದರು. ಬಿಳಿಯ ಕೆಳಗೆ ಹಳದಿ ಕಾಣಿಸಿತು.

"ಒಳಗ ಹಿತ್ತಾಳಿ ಐತ್ರಿ. ಮ್ಯಾಲೆ ಬೆಳ್ಳಿ ನೀರ ಕೊಟ್ಟಾರ."

ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಒಬ್ಬಾಕೆ ಕಾಲುಂಗುರ ನೋಡುವುದನ್ನು ಬಿಟ್ಟು ನಮ್ಮ ಕಡೆ ತಿರುಗಿದಳು. ಅಪ್ಪನ ಕಿವಿಯ ತುದಿ ಕೆಂಪಾಯಿತು. ಮನೆಗೆ ಬಂದು ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ನಾವು ಮತ್ತೆ ಅದೇ ಅಂಗಡಿಗೆ ಹೋದೆವು. ಎಲ್ಲವೂ ಹಾಗೆಯೇ. ವ್ಯಾಪಾರಿಗೆ ಫೋನ್ ಹಚ್ಚಿದರೆ ಹತ್ತಲಿಲ್ಲ. ಮಹಾಲಿಂಗಪುರದಲ್ಲಿ ಅವನನ್ನು ಬಲ್ಲವರೂ ಸಿಗಲಿಲ್ಲ.

ಅಪ್ಪ ಕೆಲವು ದಿನ ಮನೆಯಿಂದ ಹೊರಗೆ ಬೀಳಲಿಲ್ಲ. ಆಮೇಲೆ ಬೀಗರ ನಾಣ್ಯವನ್ನು ನನ್ನ ಮುಂದಿಟ್ಟು, "ನೀ ಹೋಗಿ ಕೊಟ್ಟ ಬಾರವ್ವಾ," ಎಂದ.

"ನಾ ಹೆಂಗ ಮುಖ ತೋರಿಸಲಿ ಅಪ್ಪಾ? ಮಾತಾಡಿದಾಂವ ನೀ."

ಅವನು ಎದ್ದು ಹೊಸ ಅಂಗಿ ಹಾಕಿಕೊಂಡ. ನಾನೂ ಜೊತೆಗೆ ಹೊರಟೆ. ಬಸ್ಸಿನಲ್ಲಿ ಹಳೆಯ ಪರಿಚಯದ ಕಂಡಕ್ಟರ್ ಒಬ್ಬ ಅವನನ್ನು ಮಾತಾಡಿಸಿದರೂ ಬರೇ ತಲೆಯಾಡಿಸಿದ.

ಬೀಗರ ಅಂಗಳದಲ್ಲಿ ಮಾವ ಒಬ್ಬರೇ ಇದ್ದರು. ನಾಣ್ಯ ಅವರ ಕೈಗಿಟ್ಟು ಬಂದುಬಿಡಬಹುದಿತ್ತು. ನಾನು ಬಯಸಿದ್ದೂ ಅದನ್ನೇ. ಆದರೆ ಅಪ್ಪ, "ಎಲ್ಲಾರನ್ನೂ ಕರೀರಿ," ಎಂದ. ತಂಗಿ, ಅವಳ ಅತ್ತೆ, ಜವಳದ ದಿನ ಮಾತಾಡಿದ್ದ ಮಾವನ ತಂಗಿ ಎಲ್ಲರೂ ಬಂದು ನಿಂತರು. "ಅವತ್ತ ನಾ ಎಲ್ಲಾರ ಎದುರಿಗೆ ಅಂದಿದ್ದೆ. ನಿಮ್ಮದು ಖರೆ ಬೆಳ್ಳಿ. ನಂದೇ ಹಿತ್ತಾಳಿ. ತಪ್ಪಾತ್ರಿ," ಎಂದು ಕೈ ಮುಗಿದ. ಕಂಡಕ್ಟರ್ ಅಂಗಿಯಲ್ಲಿ ಇಡೀ ಬಸ್ಸನ್ನು ಗದರಿಸುತ್ತಿದ್ದ ಅಪ್ಪ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನೆಲ ನೋಡುತ್ತ ನಿಂತೆ.

ಮಾವ ಅವನ ಕೈ ಹಿಡಿದು ಇಳಿಸಿದರು. "ಬಿಡ್ರಿ ಬೀಗರ. ನಿಮಗ ಮೋಸ ಆಗೇತಿ, ನೀವ್ಯಾಕ ಕೈ ಮುಗೀತೀರಿ? ಕೂಡ್ರಿ." ತಂಗಿ ಕೂಸನ್ನು ತಂದು ಅಪ್ಪನ ತೊಡೆಯ ಮೇಲೆ ಹಾಕಿದಳು. ಅವಳು ಆ ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಮನೆಗೆ ಮೊದಲಿನಂತೆ ಫೋನ್ ಮಾಡತೊಡಗಿದ್ದು ದೀಪಾವಳಿಯ ಹೊತ್ತಿಗೇ.

ನಮ್ಮ ಓಣಿಯವರಿಗೆ ಇದೊಂದೂ ಗೊತ್ತಿರಲಿಲ್ಲ. ಬೆಳ್ಳಿ ಇನ್ನೂ ಏರಿದಾಗ ಪಕ್ಕದ ಮನೆಯವರು ಬಂದು, "ಅಜ್ಜಾರ, ನೀವು ಮೊದಲ ತಗೊಂಡದ್ದು ಛಲೋ ಆತ್ ನೋಡ್ರಿ. ಎಲ್ಲಿ ತಗೊಂಡ್ರಿ, ನಮಗೂ ಹೇಳ್ರಿ," ಎಂದರು. ಅಪ್ಪ ಹೇಳಿಯೇಬಿಟ್ಟ. ಈಗ ಯಾರು ಕೇಳಿದರೂ ಒಳಗಿನಿಂದ ಅರ ಹಾಕಿದ ನಾಣ್ಯ ತಂದು ಅಂಚು ತೋರಿಸುತ್ತಾನೆ, "ಪತ್ತಾರರಿಗೆ ತೋರಿಸದ ಒಂದೂ ತಗೋಬ್ಯಾಡ್ರಿ" ಎನ್ನುತ್ತಾನೆ. ಕೇಳಿದವರಲ್ಲಿ ಕೆಲವರು ಅಯ್ಯೋ ಎನ್ನುತ್ತಾರೆ, ಕೆಲವರು ಓಣಿ ತಿರುಗುವ ಮೊದಲೇ ನಗುತ್ತಾರೆ. ಅವನು ಮಾಡುತ್ತಿರುವುದು ಸರಿ ಎಂದು ನನಗೆ ಗೊತ್ತು. ಆದರೂ ಅವನು ಆ ಮಾತು ತೆಗೆದ ಕೂಡಲೇ ನಾನು ಎದ್ದು ಅಡುಗೆಮನೆಗೆ ಹೋಗಿ, ಬಂದವರು ಹೋಗುವ ತನಕ ಹೊರಗೆ ಬರುವುದಿಲ್ಲ.