ರವಿವಾರದ ಗಿಟಾರು

ಸೊಲ್ಲಾಪುರದ ಸಾತ್ ರಸ್ತಾದ ಹತ್ತಿರ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಛಾಯಾ ಕೆಲಸ ಮಾಡುತ್ತಾಳೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಕೂತವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ನರ ಹುಡುಕಿ, ಸೂಜಿ ಚುಚ್ಚುವುದು ಅವಳ ಕೆಲಸ. ಚುಚ್ಚಿದ್ದು ಗೊತ್ತೇ ಆಗುವುದಿಲ್ಲವೆಂದು ಮುದುಕಿಯರು ಅವಳನ್ನೇ ಕೇಳಿಕೊಂಡು ಬರುತ್ತಾರೆ. ಎಡಗೈಯ ಬೆರಳ ತುದಿಗಳು ಮಾತ್ರ ಜಡ್ಡುಗಟ್ಟಿವೆ. ಒಬ್ಬ ಅಜ್ಜಿ ಅದನ್ನು ಮುಟ್ಟಿ ನೋಡಿ, "ಹೊಲದಾಗ ದುಡೀತಿಯೇನವ್ವಾ?" ಎಂದು ಕೇಳಿದ್ದಳು.

"ಇಲ್ಲ ಆಯೀ, ಗಿಟಾರ ಬಾರಸ್ತೀನಿ."

"ಅದು ಗಂಡಸರ ಕೆಲಸ ಅಲ್ಲೇನ?"

ಛಾಯಾ ನಕ್ಕು ಹತ್ತಿಯನ್ನು ಒತ್ತಿ ಹಿಡಿದಳು.

ಅವಳು ಹುಟ್ಟಿದ್ದು ಚಪಳಗಾಂವದಲ್ಲಿ. ತಂದೆ ಪೀರಪ್ಪನದು ಕುರಿ ಹಿಂಡು. ಬೀರೋಬಾನ ಗುಡಿಯಲ್ಲಿ ಡೊಳ್ಳು ಹಿಡಿದರೆ ಅವನೇ ಹಿಡಿಯಬೇಕು, ಪದ ಎತ್ತಿದರೆ ಅವನೇ ಎತ್ತಬೇಕು. ಬಯಲಿನಲ್ಲಿ ಕುರಿ ಬಿಟ್ಟುಕೊಂಡು ನಿಂತಾಗ ಅವನು ಪದದ ಮೊದಲ ಸೊಲ್ಲನ್ನು ಎಳೆದ ಎಳೆತ ಹಳ್ಳದಾಚೆಯ ಹೊಲಕ್ಕೂ ಕೇಳುತ್ತಿತ್ತು. ಉಸಿರು ಮುಗಿಯಿತೆನ್ನುವಾಗ ಆ ದನಿ ಇನ್ನೊಂದು ಮೆಟ್ಟಿಲು ಮೇಲೆ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಛಾಯಾ ಅದನ್ನು ಕೇಳುತ್ತ ತನ್ನ ಉಸಿರನ್ನೂ ಬಿಗಿಹಿಡಿಯುತ್ತಿದ್ದಳು.

ಕಾಲೇಜಿಗೆಂದು ಅಕ್ಕಲಕೋಟೆಗೆ ಬಂದಾಗ ಅವಳಿದ್ದ ಓಣಿಯಲ್ಲೇ ಸಾಯಬಣ್ಣ ಮಾಸ್ತರರ ಆರ್ಕೆಸ್ಟ್ರಾದ ತಾಲೀಮು ನಡೆಯುತ್ತಿತ್ತು. ಒಂದು ಸಂಜೆ ಕಿಟಕಿಯಿಂದ ಎಲೆಕ್ಟ್ರಿಕ್ ಗಿಟಾರಿನ ದನಿ ಬಂತು. ಬಾರಿಸುತ್ತಿದ್ದವನು ತಂತಿಯನ್ನು ಬೆರಳಿನಿಂದ ಜಗ್ಗಿ ಹಿಡಿದ. ದನಿ ಏರಿತು, ಥೇಟ್ ಅಪ್ಪನ ಪದದಂತೆ. ಛಾಯಾ ಒಳಗೆ ಹೋಗಿ, "ಸರ್, ನನಗ ಇದನ್ನ ಕಲಿಸ್ತೀರೇನ್ರಿ?" ಎಂದಳು. ಮಾಸ್ತರರು ಕಲಿಸಿದರು. ವರ್ಷ ಕಳೆದ ಮೇಲೆ ಆ ಗಿಟಾರಿನವನು ಪುಣೆಯ ಕಂಪನಿ ಸೇರಿದ. ಅವನ ಜಾಗಕ್ಕೆ ಛಾಯಾ ನಿಂತಳು; ಸೊಲ್ಲಾಪುರದಲ್ಲಿ ಕೆಲಸ ಸಿಕ್ಕ ಮೇಲೂ ಬಿಡಲಿಲ್ಲ. ಮದುವೆ, ಗಣಪತಿ, ಅಕ್ಕಲಕೋಟೆಯ ಭಕ್ತಿಗೀತೆಯ ಕಾರ್ಯಕ್ರಮ, ಎಲ್ಲಿ ಹೋದರೂ ಜನ ಮೊದಲು ಅವಳನ್ನು ನೋಡುತ್ತಿದ್ದರು, ಆಮೇಲೆ ಕೇಳುತ್ತಿದ್ದರು.

ಅವಳ ಕೈಯಲ್ಲಿದ್ದದ್ದು ಮಾಸ್ತರರು ಕೊಟ್ಟ ಹಳೆಯ ಗಿಟಾರು. ತಂತಿ ಬಿಗಿಯುವ ಕಿವಿಯೊಂದು ಸಡಿಲಾಗಿ ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತಿತ್ತು. ತಂತಿ ಜಗ್ಗಿದರೆ ದನಿ ಏರುವುದೇನೋ ಏರಿ, ಕೂಡಲೇ ಬಾಡಿಹೋಗುತ್ತಿತ್ತು. ಬೆರಳಿನ ತಪ್ಪೆಂದು ಅವಳು ವರ್ಷಗಟ್ಟಲೆ ತನ್ನನ್ನೇ ಬೈದುಕೊಂಡಳು.

ತಪ್ಪು ಬೆರಳಿನದಲ್ಲವೆಂದು ತಿಳಿದದ್ದು ವೇದಾಂತ ಡಾಕ್ಟರರ ಮನೆಯಲ್ಲಿ. ಅವರು ಹಲ್ಲಿನ ಡಾಕ್ಟರು, ಹೋಟಗಿ ರಸ್ತೆಯಲ್ಲಿ ಮನೆ. ಯಾವುದೋ ಮದುವೆಯಲ್ಲಿ ಛಾಯಾಳ ಗಿಟಾರು ಕೇಳಿ, ರವಿವಾರ ಬಂದು ತಮಗೆ ಕಲಿಸಬೇಕೆಂದು ವಿನಂತಿಸಿದರು. ಮೇಲಿನ ಖೋಲಿಯ ಗೋಡೆಗೆ ನಾಲ್ಕು ಗಿಟಾರುಗಳು ತೂಗುತ್ತಿದ್ದವು. ಅದರಲ್ಲೊಂದು ನಡುವೆ ಜೇನುತುಪ್ಪದ ಬಣ್ಣದ್ದು, ಅಂಚಿಗೆ ಬರುತ್ತ ಕಪ್ಪಾಗುವಂಥದ್ದು. ಡಾಕ್ಟರರು ಅದನ್ನಿಳಿಸಿ ಅವಳ ತೊಡೆಯ ಮೇಲಿಟ್ಟರು.

ಛಾಯಾ ಒಂದು ತಂತಿ ಜಗ್ಗಿ ಹಿಡಿದಳು. ದನಿ ಏರಿತು, ನಿಂತಿತು, ನಿಂತೇ ಇತ್ತು. ಅವಳಿಗೇ ಗೊತ್ತಿಲ್ಲದಂತೆ ಉಸಿರು ಬಿಗಿಯಾಯಿತು.

"ಇದು ಎಷ್ಟಿಂದು ಸರ್?"

ಡಾಕ್ಟರರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಗಿಟಾರಿಗೆ ಮೂರ ಕಿಮ್ಮತ್ತ ಇರ್ತಾವ ನೋಡ್ರಿ. ಅಂಗಡಿಯವಗ ಕೊಟ್ಟಿದ್ದೊಂದು, ಹೆಂಡತಿಗೆ ಹೇಳಿದ್ದೊಂದು, ನನಗ ನಾನ ಹೇಳಿಕೊಂಡಿದ್ದೊಂದು. ಅಂಗಡಿಯವಗ ಕೊಟ್ಟಿದ್ದು ಪಾವಣೆ ಮೂರು ಲಾಖ, ಅಂದ್ರ ಎರಡ ಲಾಖ ಎಪ್ಪತ್ತೈದ ಸಾವಿರ. ಅನುಜಾಗ ಹೇಳಿದ್ದು ಮೂವತ್ತ ಸಾವಿರ."

ಇದಕ್ಕೂ ಮುಂಚೆ ಒಂದನ್ನು ಕೊಂಡು, ಮನಸ್ಸಿಗೆ ಬರಲಿಲ್ಲವೆಂದು ಅರ್ಧ ಬೆಲೆಗೆ ಕೊಟ್ಟು ಇನ್ನೊಂದು, ಅದನ್ನು ಕೊಟ್ಟು ಮತ್ತೊಂದು, ಹೀಗೆ ಮಾಡುತ್ತ ಇಲ್ಲಿಗೆ ಬಂದಿದ್ದರಂತೆ. ಮುಂದಿನದು ಬಂದರೆ ತಮ್ಮ ಕೈ ತಾನೇ ಸುಧಾರಿಸುತ್ತದೆಂಬ ನಂಬಿಕೆ ಅವರಿಗೆ. ಮನುಷ್ಯ ಒಳ್ಳೆಯವರು. ಪಾಠ ಅರ್ಧ ತಾಸಿಗೇ ಮುಗಿಸಿ, "ಇನ್ನ ನೀವು ಬಾರಸ್ರಿ, ನಾ ಕೇಳತೀನಿ," ಎಂದು ಗೋಡೆಗೊರಗಿ ಕೂರುತ್ತಿದ್ದರು.

ಆಮೇಲೆ ಛಾಯಾಳ ವಾರವೆಲ್ಲ ರವಿವಾರದ ಕಡೆಗೇ ಸರಿಯತೊಡಗಿತು. ಲ್ಯಾಬಿನಲ್ಲಿ ಶೀಶೆಗಳಿಗೆ ಚೀಟಿ ಹಚ್ಚುವಾಗ, ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಎಡಗೈ ತಾನಾಗಿ ಮಡಚಿಕೊಳ್ಳುತ್ತಿತ್ತು. ಮನೆಗೆ ಬಂದು ತನ್ನ ಗಿಟಾರನ್ನು ಮುಟ್ಟಿದರೆ, ಪ್ರೀತಿಯವರ ಮನೆಯಿಂದ ಹೊರಬಿದ್ದು ಅಪರಿಚಿತರ ಮನೆಗೆ ಹೊಕ್ಕಂತಾಗುತ್ತಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಬಕ್ರೀದಿಗೆ ಮುಂಚೆ ಪೀರಪ್ಪ ಸೊಲ್ಲಾಪುರಕ್ಕೆ ಬಂದ. ಮಗಳು ಆ ಗಿಟಾರಿನ ಮಾತು ತೆಗೆದಳು. ತೆಗೆದದ್ದಷ್ಟೇ, ಬೇಡಲಿಲ್ಲ.

"ಎಷ್ಟ ಕುರಿ ಆತವ್ವಾ ಅದು?"

"ಇಪ್ಪತ್ತರ ಮ್ಯಾಲೆ ಆತು ಅಪ್ಪಾ."

"ಕುರಿ ಅಂದ್ರ ಮರಿ ಹಾಕ್ತದ. ಅದು ಏನ ಹಾಕ್ತದ?" ಎಂದ ಪೀರಪ್ಪ. ಆದರೆ ಊರಿಗೆ ಹೋದವನು ಎರಡು ಟಗರು ಮಾರಿ, ಬಂದ ಮೂವತ್ತೈದು ಸಾವಿರವನ್ನು ಅವಳ ಖಾತೆಗೆ ಹಾಕಿಸಿ ಫೋನು ಮಾಡಿದ: "ಅಷ್ಟ ದೊಡ್ಡದು ನಮ್ಮಿಂದ ಆಗೂದಿಲ್ಲ. ಇದರಾಗ ಬರೂವಂಥಾದ್ದು ಒಂದ ಚಲೋದು ನೋಡಿ ತಗೋ."

ಅದೇ ತಿಂಗಳ ಒಂದು ರವಿವಾರ ಛಾಯಾ ಹೋದಾಗ ಡಾಕ್ಟರರು ಇರಲಿಲ್ಲ. ಬಾಗಿಲು ತೆರೆದದ್ದು ಅವರ ಹೆಂಡತಿ ಅನುಜಾ.

"ಅವರು ಪುಣೆಕ್ಕ ಹೋಗ್ಯಾರ. ನಿಮಗ ಫೋನ ಮಾಡೋದು ಮರತಾರ ಕಾಣಸ್ತದ. ಬರ್ರಿ ಛಾಯಾತಾಯಿ, ಚಹಾ ಕುಡದ ಹೋಗ್ರಿ."

ಚಹಾ ಕುಡಿಯುತ್ತ ಅನುಜಾ ಅವಳನ್ನು ಮೇಲಿನ ಖೋಲಿಗೇ ಕರೆದೊಯ್ದಳು. "ನೋಡ್ರಿ, ಮಗಳ ಅಭ್ಯಾಸಕ್ಕ ಇಲ್ಲಿ ಒಂದ ಟೇಬಲ್ ಹಾಕಬೇಕಂತ ಎಷ್ಟ ದಿನದಿಂದ ಬಡಕೊಳ್ಳಾಕತ್ತೀನಿ, ಜಾಗಾನೇ ಇಲ್ಲ. ನಾಕ ಗಿಟಾರ! ಬಾರಸೋ ಕೈ ಎರಡು." ಜೇನಿನ ಬಣ್ಣದ್ದರ ಕಡೆ ಕೈ ಮಾಡಿದಳು. "ನೀವು ಬಂದಾಗ ಇದನ್ನ ಬಾರಸ್ತೀರಿ ಹೌದಲ್ಲ? ಕೆಳಗ ಅಡಿಗಿಮನ್ಯಾಗ ನನಗ ಕೇಳಸ್ತದ, ಅವರ ಕೈ ಯಾವುದು ನಿಮ್ಮ ಕೈ ಯಾವುದು ಅಂತ. ಇದನ್ನ ನೀವ ತಗೊಂಡಬಿಡ್ರಿ. ಮೂವತ್ತ ಸಾವಿರಕ್ಕ ತಂದಾರ. ಇಪ್ಪತ್ತೈದ ಕೊಡ್ರಿ, ಸಾಕು. ಅವರಿಗೆ ನಾ ಹೇಳತೀನಿ."

ಹಣ ಖಾತೆಯಲ್ಲಿತ್ತು, ಫೋನು ಕೈಯಲ್ಲಿತ್ತು. ಸುಳ್ಳು ಹೇಳುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ತಿರುಗಿ ಬಂದ ಡಾಕ್ಟರರು ತುಟಿ ಬಿಚ್ಚುವಂತೆಯೂ ಇರಲಿಲ್ಲ; ಬಿಚ್ಚಿದರೆ ತಮ್ಮ ಸುಳ್ಳೇ ಹೊರಬೀಳುತ್ತಿತ್ತು. ಅನುಜಾ ಗಿಟಾರನ್ನು ಇಳಿಸಿ ಅವಳ ಕೈಗೆ ಕೊಟ್ಟಳು. ಛಾಯಾ ಅದನ್ನು ಎದೆಗಾನಿಸಿಕೊಂಡಳು. ತನ್ನ ಖೋಲಿಯ ಮಂಚದ ಮೇಲೆ ಅದು ಮಲಗಿರುವುದು, ಅಕ್ಕಲಕೋಟೆಯ ವೇದಿಕೆಯಲ್ಲಿ ಅದರ ದನಿ ಏರುವುದು ಎಲ್ಲ ಕಣ್ಣಿಗೆ ಕಟ್ಟಿತು.

"ನನಗ ಬ್ಯಾಡ್ರಿ ವೈನಿ," ಎಂದಳು.

"ತುಟ್ಟಿ ಆತೇನ್ರಿ? ಇಪ್ಪತ್ತ ಕೊಡ್ರಿ."

"ಬ್ಯಾಡ್ರಿ."

"ಹೋಗ್ಲಿ, ಹದಿನೆಂಟ. ಗ್ವಾಡಿಗೆ ತೂಗಿ ಧೂಳ ತಿನ್ನೂದಕ್ಕಿಂತ ಬಾರಸೋರ ಕೈಯಾಗ ಇರ್ಲಿ."

ಬೆಲೆ ಇಳಿದಷ್ಟೂ ಛಾಯಾಳ ಕಣ್ಣು ತುಂಬಿ ಬಂತು. ಅನುಜಾ ಗಾಬರಿಯಾದಳು. "ಅಯ್ಯ, ಅಳಾಕ ಯಾಕ ಹತ್ತೀರಿ?" ಎಂದವಳು ಅವಳ ಮುಖವನ್ನೇ ನೋಡಿದಳು, ಗಿಟಾರನ್ನು ನೋಡಿದಳು. ದನಿ ಬದಲಾಯಿತು. "ಖರೇ ಹೇಳ್ರಿ. ಇದು ಎಷ್ಟಿಂದು?"

"ಡಾಕ್ಟರ ಬಂದಮ್ಯಾಲೆ ಅವರನ್ನ ಕೇಳ್ರಿ ವೈನಿ. ಅವರನ್ನ ಕೇಳದ ಯಾರಿಗೂ ಕೊಡಬ್ಯಾಡ್ರಿ."

ಗಿಟಾರನ್ನು ತಾನೇ ಗೋಡೆಗೆ ತೂಗುಹಾಕಿ ಛಾಯಾ ಮೆಟ್ಟಿಲಿಳಿದಳು.

ಮುಂದಿನ ವಾರ ಡಾಕ್ಟರರಿಂದ ಒಂದು ಸಾಲಿನ ಸಂದೇಶ ಬಂತು: ಸದ್ಯಕ್ಕೆ ಕ್ಲಾಸು ಬಂದ್. ಗಿಟಾರು ಸಿಗದಿದ್ದದ್ದಷ್ಟೇ ಅಲ್ಲ, ರವಿವಾರವೂ ಹೋಯಿತು. ಆ ರವಿವಾರ ಪಾಠದ ಹೊತ್ತಿಗೆ ಅವಳು ಸಿದ್ಧೇಶ್ವರನ ಕೆರೆಯ ಕಟ್ಟೆಗೆ ಹೋಗಿ ಕೂತು ಬಂದಳು. ಸುಮ್ಮನಿದ್ದುಬಿಡಬೇಕಿತ್ತೆಂದು ಒಮ್ಮೆಯಲ್ಲ, ಹಲವು ಸಲ ಅನ್ನಿಸಿತು.

ಕೆಲವು ವಾರ ಕಳೆದ ಮೇಲೆ ಅನುಜಾ ಲ್ಯಾಬಿಗೆ ಬಂದಳು, ಸಕ್ಕರೆ ತಪಾಸಣೆಯ ನೆಪದಲ್ಲಿ. ಛಾಯಾ ಪಟ್ಟಿ ಕಟ್ಟುತ್ತಿದ್ದಾಗ ಮಾತಿಗೆ ತೊಡಗಿದಳು.

"ಎಲ್ಲಾ ಬಾಯಿ ಬಿಟ್ರು. ಗಿಟಾರು, ಸ್ಪೀಕರು, ಕಾಲಿಲೆ ಒತ್ತೋ ಡಬ್ಬಿಗೋಳು, ಕೊಟ್ಟು ತಗೊಂಡು ಹಾನಿ ಆಗಿದ್ದು, ಎಲ್ಲಾ ಕೂಡಿಸಿದ್ರ ಜುಳೆ ಸೊಲ್ಲಾಪುರದಾಗ ಒಂದ ಫ್ಲ್ಯಾಟಿನ ಅಡ್ವಾನ್ಸ್ ಆಗತಿತ್ರಿ. ರೊಕ್ಕದ ಸಿಟ್ಟಲ್ಲ ನಂದು. ಹ್ವಾದ ವರ್ಷ ಒಂದ ಅಲಮಾರಿ ಕೇಳಿದ್ರ ‘ಈ ಸಲ ರೊಕ್ಕ ಜಮಸೂದಿಲ್ಲ’ ಅಂದಿದ್ರು." ಮುಷ್ಟಿ ಬಿಗಿಹಿಡಿದು ಅಂದಳು, "ಮೂರು ಮಾರಾಕತ್ತಾರ. ಜೇನ ಬಣ್ಣದ್ದು ಹೈದರಾಬಾದಿನವರು ಹಿಡದಾರ, ಶನಿವಾರ ಬಂದ ಒಯ್ತಾರ. ಅದಕ್ಕ ಮೊದಲ ನೀವು ಒಮ್ಮೆ ಬರ್ರಿ. ನಾನ ಕರ್ಯಾಕತ್ತೀನಿ."

ಛಾಯಾ ಹೋದಳು. ಡಾಕ್ಟರರು ಮುಖವೆತ್ತಿ ನೋಡಲಿಲ್ಲ. ಗಿಟಾರನ್ನು ಕೊಡುತ್ತ ಮೆಲ್ಲಗೆ, "ನೀವು ಅವತ್ತ ತಗೊಂಡಬಿಟ್ಟಿದ್ರ ನನಗ ಏನೂ ಅನ್ನಾಕ ಬರತಿರಲಿಲ್ಲ," ಎಂದರು.

"ಗೊತ್ತಿತ್ರಿ ಸರ್."

ಅವಳು ಸಿನಿಮಾ ಹಾಡು ಬಾರಿಸಲಿಲ್ಲ. ಅಪ್ಪನ ಬೀರೋಬಾನ ಪದವನ್ನು ಬಾರಿಸಿದಳು. ಮೊದಲ ಸೊಲ್ಲನ್ನು ಎಳೆದು ಹಿಡಿದಾಗ ಬಾಗಿಲಲ್ಲಿ ನಿಂತಿದ್ದ ಅನುಜಾ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಪದ ಮುಗಿದ ಮೇಲೆ ಛಾಯಾ ಬಟ್ಟೆಯಿಂದ ತಂತಿ ಒರೆಸಿ, ಪ್ರಯಾಣಕ್ಕೆಂದು ಅವನ್ನು ಕೊಂಚ ಸಡಿಲಿಸಿ, ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಿದಳು.

ಟಗರಿನ ಹಣದಲ್ಲಿ ಹೊಸ ಗಿಟಾರು ಬಂತು. ಒಳ್ಳೆಯ ಗಿಟಾರೇ, ಶ್ರುತಿ ಇಳಿಯುವುದಿಲ್ಲ, ಮಾಸ್ತರರಂತೂ ಬಹಳ ಮೆಚ್ಚಿದರು. ಗುರುಪೂರ್ಣಿಮೆಗೆ ಅಕ್ಕಲಕೋಟೆಯಲ್ಲಿ ಕಾರ್ಯಕ್ರಮವಿದ್ದಾಗ ಪೀರಪ್ಪ ಚಪಳಗಾಂವದಿಂದ ಬಂದು ಮುಂದಿನ ಸಾಲಿನಲ್ಲೇ ಕೂತು ಕೇಳಿದ. ಮುಗಿದ ಮೇಲೆ ತಂದೆ ಮಗಳು ಎಸ್.ಟಿ. ಸ್ಟ್ಯಾಂಡಿನ ಎದುರು ಚಹಾ ಕುಡಿಯಲು ನಿಂತರು.

"ಚಲೋ ಬಾರಿಸಿದಿ," ಎಂದ ಪೀರಪ್ಪ. ಮತ್ತೆ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೇಳಿದ, "ಆ ಡಾಕ್ಟರಂದು ಇದಕ್ಕಿಂತ ಚಲೋ ಇತ್ತೇನು?"

ಛಾಯಾಳಿಗೆ ಸುಳ್ಳು ಹೇಳಲಾಗಲಿಲ್ಲ. "ಹೂಂ ಅಪ್ಪಾ."

"ಈಗ ಎಲ್ಲಿ ಐತಿ?"

"ಹೈದರಾಬಾದಿನಾಗ."

ಪೀರಪ್ಪ ಹೈದರಾಬಾದಿನ ಕಡೆ ಹೋಗುವ ಮೂಡಣ ದಿಕ್ಕಿನ ರಸ್ತೆಯನ್ನು ನೋಡಿದ. "ಅದೇನ ಭಾಳ ದೂರ ಅಲ್ಲ ಬಿಡು," ಎಂದ.