ಉಲಹನ್ನಾನ್ ಮಾತ್ರ ಸ್ಪಷ್ಟ

ಕಡಬದಲ್ಲಿ ‘ಕನ್ವರ್ಟರ್ ಐಸಕ್’ ಎಂಬವರೊಬ್ಬರು ಇದ್ದಾರೆ ಎಂದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದಾಗ, ಜನರನ್ನು ಮತಾಂತರ ಮಾಡಿಸುವವರು ಎಂದೇ ನಾನು ತಿಳಿದೆ. ಮುಂದೆ ಕಡಬಕ್ಕೆ ಹೋಗಬೇಕಾಗಿ ಬಂದಾಗ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವರಿಗೆ ಕೊಡಬೇಕಾದ ಉತ್ತರಗಳನ್ನು ಜೋಡಿಸಿಕೊಂಡೆ. ನನ್ನಂಥ ತೂಕದ ಮನುಷ್ಯನನ್ನು ಅವರು ಸುಮ್ಮನೆ ಬಿಟ್ಟಾರೆಯೇ? ಹುಡುಕಿಕೊಂಡು ಹೋದ ನನ್ನನ್ನು ಐಸಕ್ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಹಿಡಿದು ಎಡಕ್ಕೆ ತಿರುಗಿಸಿ, “ಪಾಸ್‌ಪೋರ್ಟಿಗಾ, ಹೆಣ್ಣಿನ ಕಡೆಗೆ ಕಳಿಸ್ಲಿಕ್ಕಾ?” ಎಂದು ಕೇಳಿದರು. ತಯಾರು ಮಾಡಿಟ್ಟ ಉತ್ತರಗಳಲ್ಲಿ ಒಂದೂ ಹೊಂದಲಿಲ್ಲ.

ಐಸಕ್ ಫೋಟೋ ಸ್ಟುಡಿಯೋದವರು. ಅವರ ಕನ್ವರ್ಟರ್ ಎಂದರೆ ಕೆಮರಾದ ಲೆನ್ಸಿನ ಮುಂದೆ ತಿರುಪಿ ಕೂರಿಸುವ, ದಪ್ಪ ಗಾಜಿನ ಒಂದು ಗಿಡ್ಡ ಕೊಳವೆ. ದೂರದ್ದನ್ನು ಹತ್ತಿರ ತೋರಿಸುವುದು ಅದರ ಕಸುಬು. ಪಕ್ಕದ ಬಟ್ಟೆ ಅಂಗಡಿಯ ಶುಕೂರ್ ದುಬೈಯಿಂದ ಬರುವಾಗ ಕೆಮರಾದ ಜೊತೆ ಅದನ್ನೂ ತಂದುಕೊಟ್ಟಿದ್ದ. ಬಳಸುವುದು ಹೇಗೆಂದು ಅಚ್ಚು ಹಾಕಿದ್ದ ಕಾಗದ ಮಾತ್ರ ಬರಲಿಲ್ಲ. ಶುಕೂರನ ತಾಯಿ ಹವ್ವಮ್ಮ ಅದನ್ನು ಅತ್ತರಿನ ಬಾಟ್ಲಿಗೆ ಸುತ್ತಿ ಯಾರೋ ನೆಂಟರಿಗೆ ಕೊಟ್ಟುಬಿಟ್ಟಿದ್ದರು.

ಐಸಕ್‌ಗೆ ಆ ಕೊಳವೆ ಬೇಕಾದದ್ದು ಇಗರ್ಜಿಯ ದೆಸೆಯಿಂದ. ಮದುವೆ ನಡೆಯುವಾಗ ಫೋಟೋದವರು ಬಲಿಪೀಠದ ಹತ್ತಿರ ಸುಳಿದಾಡಬಾರದು, ಪಕ್ಕದ ಕೋಣೆಯ ಹೊಸ್ತಿಲಲ್ಲೇ ನಿಲ್ಲಬೇಕು ಎಂದು ಪಾದ್ರಿಗಳ ಕಟ್ಟಪ್ಪಣೆ. ಹೊಸ್ತಿಲಿಂದ ತೆಗೆದರೆ ಮದುಮಕ್ಕಳು ಬೆರಳುದ್ದ ಕಾಣುತ್ತಿದ್ದರು. ಕನ್ವರ್ಟರ್ ಬಂದ ಮೇಲೆ ಮೊದಲು ಸಿಕ್ಕಿದ ಮದುವೆ, ರಬ್ಬರ್ ತೋಟದ ಉಲಹನ್ನಾನರ ದೊಡ್ಡ ಮಗಳು ಲಿಸ್ಸಿಯದು. ಅದು 1979ರ ಜನವರಿ.

ಉಲಹನ್ನಾನರು ಎಲ್ಲಿ ಹೋದರೂ ತಾನು ಬಂದದ್ದು ನಾಲ್ಕು ಜನಕ್ಕೆ ತಿಳಿಯಲಿ ಎನ್ನುವವರು. ಮಿನ್ನು ಎಂಬ ತಾಳಿಯನ್ನು ಕಟ್ಟುವ ಹೊತ್ತಿಗೆ ಮೊದಲ ಬೆಂಚಿನವರೆಲ್ಲ ಮೊಣಕಾಲೂರಿದರೆ ಅವರೊಬ್ಬರು, ಫೋಟೋಕ್ಕೆ ಮರೆಯಾದೇನೆಂದು, ಎದೆಯುಬ್ಬಿಸಿ ನಿಂತೇ ಇದ್ದರು.

ಫೋಟೋ ತೊಳೆದು ಐಸಕ್ ಬೆಳಕಿಗೆ ಹಿಡಿದು ನೋಡಿದರು. ಮದುಮಗಳ ಜಾಗದಲ್ಲಿ ಬಿಳಿ ಮಂಜು, ಮದುಮಗನ ಜಾಗದಲ್ಲಿ ಕಪ್ಪು ಮಂಜು. ಅವೆರಡರ ನಡುವೆ, ಹಿಂದುಗಡೆ, ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಉಲಹನ್ನಾನರು. ಹದಿನಾಲ್ಕು ಫೋಟೋದಲ್ಲೂ ಹಾಗೆಯೇ.

ಬೈಗುಳ ತಿನ್ನಲು ಸಿದ್ಧರಾಗಿಯೇ ಐಸಕ್ ಆಲ್ಬಮ್ ಒಯ್ದರು. ಉಲಹನ್ನಾನರು ಪುಟ ಮಗುಚಿದಂತೆಲ್ಲ ಅರಳಿದರು. “ಐಸಕ್ಕೇ, ಇದು ಕೆಮರಾ. ಇದರಲ್ಲಿ ಎರಡು ದೊಡ್ಡದು ಮಾಡಿ ಕೊಡು, ಜಗಲಿಗೆ ಬೇಕು.”

ಗಂಡನ ಮನೆಯಿಂದ ಬಂದಿದ್ದ ಲಿಸ್ಸಿ ಕೊನೆಯ ಪುಟದವರೆಗೂ ನೋಡಿ ಮೆಲ್ಲಗೆ ಕೇಳಿದಳು: “ಐಸಕ್ ಚೇಟ್ಟಾ, ಇದು ಅಪ್ಪನ ಮದುವೆಯದ್ದಾ?”

ತಂಗಿ ಲೈಸಾ ಅಷ್ಟು ಮೆಲ್ಲಗಿನವಳಲ್ಲ. “ಬರುವ ವರ್ಷ ನನ್ನದುಂಟು. ನನ್ನ ಮುಖ ಬರುದಿಲ್ಲ ಅಂತಾದ್ರೆ ಈಗಲೇ ಹೇಳಿ, ಪುತ್ತೂರಿಂದ ಬೇರೆಯವರನ್ನು ಕರೆಸುವ.”

ಪುತ್ತೂರಿನವರು ಒಂದು ಸಲ ಕಡಬದ ಮದುವೆಗೆ ಬಂದರೆ ಮತ್ತೆ ಐಸಕ್‌ಗೆ ಉಳಿಯುವುದು ಪಾಸ್‌ಪೋರ್ಟಿನ ಮೋರೆಗಳು ಮಾತ್ರ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಲಿಸ್ಸಿಯ ಮಾತು. ಅವಳ ಮದುವೆ ಇನ್ನೊಮ್ಮೆ ಆಗುವಂಥದ್ದಲ್ಲವಲ್ಲ.

ಮೊದಲು ಗಾಜಿನ ಮೇಲೆ ಸಂಶಯ ಬಂತು. ಒರೆಸಿ ಒರೆಸಿ ಅದರಲ್ಲಿ ತಮ್ಮ ಮುಖ ನೋಡಿ ಕ್ಷೌರ ಮಾಡಿಕೊಳ್ಳುವಷ್ಟು ಹೊಳಪು ಮಾಡಿದರು. ಮಂಜು ಹೋಗಲಿಲ್ಲ. ಆಮೇಲೆ ತಿರುಪಿನ ಮೇಲೆ. ಸಡಿಲವಿರಬೇಕೆಂದು ಎಷ್ಟು ಬಿಗಿದರೆಂದರೆ, ಬಿಚ್ಚಲು ಸೈಕಲ್ ಅಂಗಡಿಯ ಸೀತು ಹಳೆಯ ಟ್ಯೂಬಿನ ತುಂಡು ಸುತ್ತಿ ತಿರುಗಿಸಬೇಕಾಯಿತು. ಮೂರನೆಯ ಸಂಶಯ ಸ್ವಂತ ಕಣ್ಣಿನ ಮೇಲೆ. ಪುತ್ತೂರಿಗೆ ಹೋಗಿ ತೋರಿಸಿದರೆ ಡಾಕ್ಟರು, “ಕಣ್ಣಿಗೆ ಎಂತದೂ ಇಲ್ಲ ಮಾರಾಯ್ರೆ” ಎಂದು ಕಳಿಸಿದರು. ಕಣ್ಣು ಸರಿಯಿದೆ ಎಂದು ತಿಳಿದು ಅಷ್ಟು ಬೇಸರಪಟ್ಟ ರೋಗಿಯನ್ನು ಅವರು ಬೇರೆ ನೋಡಿರಲಾರರು.

ಶುಕೂರ್ ಸಮಾಧಾನ ಹೇಳಿದ: “ಗಲ್ಫಿಂದ ಬಂದ ಸಾಮಾನಲ್ವಾ ಐಸಕ್ಕಣ್ಣ, ಅದಕ್ಕೆ ದೂರ ಇರುವವರ ಮೇಲೆಯೇ ಪ್ರೀತಿ.”

ಶುಕೂರ್ ಹೇಳಿದ್ದು ತಮಾಷೆಗೆ. ಐಸಕ್ ನಗಲಿಲ್ಲ. ಮಂಜು ಯಾವಾಗಲೂ ಹತ್ತಿರದವರ ಮೇಲೆ, ಬೆಳಕು ಯಾವಾಗಲೂ ದೂರದವರ ಮೇಲೆ. ಹಾಗಾದರೆ ಎಷ್ಟು ದೂರದವರ ಮೇಲೆ?

ಮರುದಿನ ಮಧ್ಯಾಹ್ನ ಖಾಲಿ ಇಗರ್ಜಿಗೆ ಹೋಗಿ, ಅದೇ ಹೊಸ್ತಿಲಿಂದ ಐದೈದು ಅಡಿಗೆ ಒಂದರಂತೆ ಹತ್ತು ಬೆಂಚು ಎಳೆದು, ಒಂದೊಂದರ ಮೇಲೆ ಒಂದೊಂದು ಹಳೆಯ ಪತ್ರಿಕೆ ನಿಲ್ಲಿಸಿದರು. ಪಾದ್ರಿಗಳು ಇಣುಕಿದರು.

“ಇದೆಂತ ಐಸಕ್, ಪೇಪರಿನವರಿಗೆ ಪ್ರಾರ್ಥನೆಯಾ?”

“ಅಲ್ಲ ಫಾದರ್. ಇವರಲ್ಲಿ ಉಲಹನ್ನಾನ್ ಚೇಟ್ಟ ಯಾರು ಅಂತ ಹುಡುಕುದು.”

ಕೊಳವೆ ಹಾಕಿ ಒಂದೊಂದು ಬೆಂಚಿಗೂ ಫೋಕಸ್ ಮಾಡಿ ತೆಗೆದ ಫಿಲ್ಮನ್ನು ತೊಳೆದು ಭೂತಗನ್ನಡಿ ಹಿಡಿದು ನೋಡಿದರು. ಎರಡನೆಯ ಬೆಂಚಿಗೆ ಫೋಕಸ್ ಮಾಡಿದಾಗ ನಾಲ್ಕನೆಯದರ ಅಕ್ಷರ ಓದಲು ಬರುತ್ತಿತ್ತು. ನಾಲ್ಕನೆಯದಕ್ಕೆ ಮಾಡಿದಾಗ ಎಂಟನೆಯದು. ಕಣ್ಣಿಟ್ಟು ನೋಡುವ ಕೆಮರಾದ ಕಿಂಡಿ ಲೆನ್ಸಿನಿಂದ ಬೇರೆಯೇ ಇದ್ದದ್ದರಿಂದ, ಕನ್ವರ್ಟರ್ ಹಾಕಿದ ಸಂಗತಿ ಅದಕ್ಕೆ ಗೊತ್ತಿರಲಿಲ್ಲ, ಅಷ್ಟೇ. ಅದು ಇಪ್ಪತ್ತು ಅಡಿ ಎಂದರೆ ಕೊಳವೆ ನಲವತ್ತಕ್ಕೆ ನೋಡುತ್ತಿತ್ತು. ಮದುಮಗಳು ನಿಂತದ್ದು ಇಪ್ಪತ್ತಡಿಯಲ್ಲಿ. ನಲವತ್ತರಲ್ಲಿ ನಿಂತದ್ದು ಯಾರೆಂದು ಹೇಳಬೇಕಾಗಿಲ್ಲ. ಇನ್ನು ದೂರವನ್ನು ಅಳೆದು, ಅರ್ಧ ಮಾಡಿ ಇಟ್ಟರಾಯಿತು.

ಲೈಸಾಳ ಮದುವೆಯ ಮುನ್ನಾದಿನ ಐಸಕ್ ಹೊಸ್ತಿಲಿಂದ ಹಗ್ಗ ಹಿಡಿದು ಅಳೆದರು. ಸರಿಯಾಗಿ ಇಪ್ಪತ್ತು. ಲೆನ್ಸಿನ ಸುತ್ತ ದೂರದ ಅಂಕಿಗಳಿರುವ ಬಳೆಯಲ್ಲಿ ಹತ್ತರ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟರು. ಮಿನ್ನು ಕಟ್ಟುವಾಗ ಫೋಕಸ್ ಸರಿಯಿದ್ದರೆ ಕೆಮರಾದ ಕಿಂಡಿಯಲ್ಲಿ ಒಬ್ಬಳಾಗಿ ಕಾಣಬೇಕಾದ ಲೈಸಾ ಇಬ್ಬರಾಗಿ ಕಂಡಳು. ಇದುವರೆಗೆ ನಂಬಿದ ಕಿಂಡಿ ‘ತಪ್ಪು, ತಪ್ಪು’ ಎನ್ನುತ್ತಿತ್ತು. ಬೆರಳು ತಾನಾಗಿ ಬಳೆಯನ್ನು ಇಪ್ಪತ್ತಕ್ಕೆ ತಿರುಗಿಸಹೊರಟಿತು. ಐಸಕ್ ಬೆರಳನ್ನು ತಡೆದು, ಚುಕ್ಕೆಯನ್ನು ನಂಬಿ, ಒತ್ತಿದರು.

ಲೈಸಾ ಬಂದಳು. ಕಣ್ಣಂಚಿನ ನೀರು ಸಮೇತ ಬಂದಳು. ಆಲ್ಬಮ್ ನೋಡಿ ಅವಳು ಒಂದು ಫೋಟೋವನ್ನು ಬಿಡಿಸಿ ತಗೊಂಡು ಒಳಗೆ ಹೋದಳು. ಉಲಹನ್ನಾನರು ಮಾತ್ರ ಪುಟ ಮಗುಚಿದಂತೆಲ್ಲ ಬಾಡಿದರು. ಮಗಳ ಹಿಂದೆ ದೂರದಲ್ಲಿ ಬಿಳಿ ಜುಬ್ಬಾ ತೊಟ್ಟ ಒಂದು ಮೋಡ ನಿಂತಿತ್ತು.

“ಐಸಕ್ಕೇ, ಕೆಮರಾ ಹಾಳಾಗಿದೆ.”

“ಇಲ್ಲ ಚೇಟ್ಟಾ, ರಿಪೇರಿ ಆದದ್ದು.”

ಉಲಹನ್ನಾನರು ಮೋಡದ ಮೇಲೆ ಬೆರಳಿಟ್ಟರು. “ಅಲ್ಲ, ಮಗಳೂ ಅಪ್ಪನೂ ಒಟ್ಟಿಗೆ ಸ್ಪಷ್ಟ ಬರುವ ಕನ್ವರ್ಟರ್ ಎಲ್ಲಿಯೂ ಸಿಗುದಿಲ್ವಾ? ಶುಕೂರನ ಹತ್ರ ಹೇಳಿ ತರಿಸುವ.”

“ಅದಕ್ಕೆ ಕನ್ವರ್ಟರ್ ಬೇಡ,” ಎಂದರು ಐಸಕ್. “ಮಗಳ ಹತ್ರ ಹೋಗಿ ನಿಲ್ಲಿ.”